ಮಾರ್ಕರಿನ ಗೆರೆ

ಮೊದಲು ಎಡಗಡೆಯ ಮುಚ್ಚಳ.
ಹತ್ತು ಬೋಲ್ಟು ಇರಬೇಕು, ಒಂಬತ್ತಿರುತ್ತವೆ.
ತೆಗೆದರೆ ಕರಿ ಹುಡಿ, ಸವೆದ ಬೆಲ್ಟಿನದು.
ಉಗುರಸಂದಿಗೆ ಹೊಕ್ಕರೆ ಯಾವ ಸೋಪಿಗೂ ಜಗ್ಗದು.
ಮಗಳ ಶಾಲೆಯ ಕಾಗದಕ್ಕೆ ಸಹಿ ಹಾಕಿದರೆ
ಹೆಬ್ಬೆಟ್ಟೂ ಒತ್ತಿದ ಹಾಗೆ.

ಕೀಲುಂಗಿನ ಈ ಏರುಬೀದಿಯಲ್ಲಿ
ಸ್ಕೂಟರು ಹತ್ತದಿದ್ದರೆ ಜನ ಬೈಯುವುದು ಕಾರ್ಬ್ಯುರೇಟರನ್ನು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ರೋಗವಿರುವುದು ವೇರಿಯೇಟರಿನ ಹೊಟ್ಟೆಯಲ್ಲಿ:
ಆರು ರೋಲರು,
ದುಂಡಗೆ ಬಂದವು, ಒಂದೇ ಮಗ್ಗುಲಲ್ಲಿ ಜಾರಿ ಜಾರಿ
ಚಪ್ಪಟೆಯಾದವು.

ತಿರುಗಿದಷ್ಟೂ ಅವು ಹೊರಗೆ ಓಡುತ್ತವೆ,
ಓಡಿದಷ್ಟೂ ತಟ್ಟೆಯನ್ನು ತಳ್ಳುತ್ತವೆ,
ಬೆಲ್ಟು ಇಕ್ಕಟ್ಟಾಗಿ ಮೇಲಕ್ಕೇರುತ್ತದೆ.
ಸೋದರತ್ತೆ ಇದನ್ನು ಕಲಿಸಿದ್ದು ಊಟದ ಮೇಜಿನಲ್ಲಿ,
ಎರಡು ಬಟ್ಟಲು ತಳಕ್ಕೆ ತಳ ಕೂಡಿಸಿ
ನಡುವೆ ಒಂದು ರಬ್ಬರ್ ಬ್ಯಾಂಡು ಹಾಕಿ.
ಅರ್ಥವಾಗುವ ಹೊತ್ತಿಗೆ ಸೂಪು ಆರಿತ್ತು.

ಶನಿವಾರ ಯೂ-ಹಾನ್ ಬಂದ, ನೀಲಿ ಬಣ್ಣದ ಹೊಸ ಪುಲ್ಲಿ ಹಿಡಿದು.
ಹಗುರ ರೋಲರು ಹಾಕಿದರೆ ಎಂಜಿನ್ ಕಿರುಚಿ ಜಿಗಿಯುತ್ತದೆ,
ಭಾರದವು ಹಾಕಿದರೆ ಗುನುಗಿಕೊಂಡು ದೂರ ಹೋಗುತ್ತದೆ.
ಎರಡೂ ಬೇಕು, ಅಂದ. ಇಪ್ಪತ್ತರ ವಯಸ್ಸು.
ಆರು ಗ್ರಾಮು, ಏಳು ಗ್ರಾಮು,
ಒಂದು ಬಿಟ್ಟೊಂದು ಕೂರಿಸಿಕೊಟ್ಟೆ.
ರಾಜಿ ಮಾಡಿಸುವುದೂ ನನ್ನ ಕೂಲಿಯಲ್ಲೇ ಸೇರಿದೆ.
ಆಮೇಲೆ ಪುಲ್ಲಿಯ ಮೈಮೇಲೆ ಮಾರ್ಕರಿನಿಂದ
ನಡುವಿನಿಂದ ಅಂಚಿಗೆ ಒಂದು ಗೆರೆ ಎಳೆದೆ.
ಬೆಲ್ಟು ಏರಿದಷ್ಟು ಒರೆಸಿಹೋಗುತ್ತದೆ,
ಏರದ್ದು ಉಳಿಯುತ್ತದೆ.
ಮರುದಿನ ಬಿಚ್ಚಿದರೆ ಗೆರೆಯೇ ಇಲ್ಲ.
ಹಲ್ಲು ಬಿಟ್ಟು ನಕ್ಕ, ಹೋದ.

ಮಾರ್ಕರು ಕೈಯಲ್ಲೇ ಇತ್ತು.
ಮುಂದಿನ ಸ್ಕೂಟರು ಗ್ಯಾಸಿನ ಚಿಂಗ್-ಶುಯಿಯದು.
ಮುಂದೊಂದು, ಹಿಂದೆರಡು ಸಿಲಿಂಡರು,
ಮೂವತ್ತು ವರ್ಷದಿಂದ ಇದೇ ದಿನ್ನೆ.
ಕೇಳದೆ ಅದಕ್ಕೂ ಗೆರೆ ಎಳೆದೆ.

ತಿಂಗಳ ಮೇಲೆ ಬೆಲ್ಟು ಅಳೆಯಲು ಬಿಚ್ಚಿದೆ.
ಅರ್ಧ ಒರೆಸಿತ್ತು. ಇನ್ನರ್ಧ
ನಾನು ಎಳೆದ ದಿನದಷ್ಟೇ ಕಪ್ಪು.
ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದ.
'ಅಷ್ಟು ಉದ್ದದ ರಸ್ತೆ ನನ್ನ ದಾರಿಯಲ್ಲಿಲ್ಲ'
ಅಂದ, ದೂರೇನೂ ಇರಲಿಲ್ಲ ದನಿಯಲ್ಲಿ,
ಅಂಗಡಿಯಲ್ಲಿ ಇಂಥ ಸಾಬೂನಿಲ್ಲ ಅಂದ ಹಾಗೆ.
ನಾಳೆ ಬೆಳಿಗ್ಗೆ ಒಯ್ಯುತ್ತೇನೆ, ಏರಿಗೆ ತಕ್ಕಂತೆ ಮಾಡಿಡು.

ಮಾಡಿದೆ. ಹಗುರ ರೋಲರು, ಹೊಸ ಬೆಲ್ಟು,
ಬಾಣದ ಗುರುತು ತಿರುಗುವ ಕಡೆಗೆ.
ರೋಲರು ಓಡುವ ಹಾದಿ ಒಣಗಿರಬೇಕು,
ಗ್ರೀಸು ಸೋಂಕದಂತೆ ಎರಡು ಸಲ ಒರೆಸಿದೆ.
ಹೊಸ ಗೆರೆ.
ಸಿಲಿಂಡರಿನ ಕಬ್ಬಿಣದ ತೊಟ್ಟಿಲು ಬಿಚ್ಚಿ ಗೋಡೆಗಾನಿಸಿದೆ.
ಆಮೇಲೆ ನಿದ್ದೆ ಬರಲಿಲ್ಲ.

ನಸುಕಿಗೆ ಬಾದೌಜ಼ಿಯ ಕಡಲ ರಸ್ತೆಗೆ ಹೊರಟೆ.
ಕಣವೆ ಮೀನಿನ ದೋಣಿಗಳು ದೀಪ ಆರಿಸದೆ ಮರಳುತ್ತಿದ್ದವು.
ಹಗುರಾದ ಸ್ಕೂಟರು ಮೊದಲು ಬೆದರಿತು,
ಏನೋ ಮರೆತುಬಂದವರಂತೆ.
ಹಿಡಿಯನ್ನು ಕೊನೆಯವರೆಗೆ ತಿರುಗಿಸಿದೆ.
ಐವತ್ತು. ಅರವತ್ತೈದು. ಕನ್ನಡಿ ನಡುಗಿತು.
ಎಪ್ಪತ್ತೆಂಟು. ಆಮೇಲೆ ಮುಳ್ಳು ನೋಡಲಿಲ್ಲ.

ಬಂದು ಬಿಚ್ಚಿದೆ. ಗೆರೆ ಪೂರ್ತಿ ಹೋಗಿತ್ತು.
ಬೇರೆಯವರ ಎಲೆಯಲ್ಲಿ ಉಂಡೆದ್ದ ನಾಚಿಕೆ.
ಮತ್ತೆ ಎಳೆದೆ, ಮುಚ್ಚಿದೆ, ಒಂಬತ್ತು ಬೋಲ್ಟು ಬಿಗಿದೆ.
ಅವನಿಗೆ ಹೇಳಲಿಲ್ಲ.

ಚಳಿಗಾಲಕ್ಕೆ ಬಂದಾಗ ತಾನೇ ಸ್ಟೂಲೆಳೆದು ಕೂತ.
ಮುಚ್ಚಳ ತೆಗೆದೆ. ಅರ್ಧದವರೆಗೆ ಹೊಳಪು,
ಅದಕ್ಕೆ ತಾಗಿ, ಅಕ್ಕಿಕಾಳಿನಷ್ಟು ಹೆಚ್ಚು.
ಯಾವ ರಸ್ತೆ, ಯಾವ ಹೊತ್ತು, ಕೇಳಲಿಲ್ಲ.
ಚಿಂಗ್-ಶುಯಿ ಗೋಡೆಯ ಕ್ಯಾಲೆಂಡರು ಓದುತ್ತಿದ್ದ.
ಬಿಲ್ಲು ಬರೆದೆ: ಗೇರ್ ಎಣ್ಣೆ. ಬೋಲ್ಟು, ಒಂದು.