ಕಚ್ಚುವ ಜಾಗ

ಮೊದಲ ದಿನವೇ ಟ್ರಿಯೆಸ್ಟೆಯ ಏರಿನಲ್ಲಿ
ಮೂರು ಸಲ ನಿಂತುಹೋಯಿತು ಎಂಜಿನ್ನು.
ಹಿಂದೆ ಬ್ರೆಡ್ಡಿನ ವ್ಯಾನು, ಅದರ ಹಾರನ್ನು,
ಬಾಗಿಲಿಗೆ ಭುಜ ಕೊಟ್ಟ ಬೋರಾ ಗಾಳಿ.

ಕ್ಲಚ್ಚು ಎಲ್ಲೋ ಮೇಲುಗಡೆ,
ಪಾದ ಬಿಟ್ಟೇಬಿಟ್ಟೆ ಅನ್ನುವಲ್ಲಿ
ತಟ್ಟನೆ ಕಚ್ಚುತ್ತಿತ್ತು, ಹೊಸ ಚಪ್ಪಲಿಯಂತೆ.
ಹಳೆಯ ಕಾರು ಹಾಗಲ್ಲ.
ಹತ್ತೊಂಬತ್ತು ವರ್ಷ ನನ್ನ ಎಡಗಾಲನ್ನು ಬಲ್ಲದ್ದು;
ನಡುರಾತ್ರಿ ನೋವಿನ ಫೋನು ಬಂದರೆ
ಸೂಲಗಿತ್ತಿಯನ್ನು ನಿದ್ದೆಗಣ್ಣಲ್ಲೇ ಒಯ್ಯುತ್ತಿತ್ತು.

"ಸ್ವಲ್ಪ ಸವೆಯಲಿ, ನೀವೆಸ್," ಅಂದ
ಗ್ಯಾರೇಜಿನ ದುಯಿಲಿಯೊ, ಕೈ ಒರೆಸಿಕೊಳ್ಳುತ್ತ.
"ಸಾವಿರ ಕಿಲೋಮೀಟರು. ಆಮೇಲೆ ಬಂದು ಬೈ."

ಸಾವಿರದ ಇನ್ನೂರಾಯಿತು:
ಮುಗ್ಗಾ, ಒಪಿಚೀನಾ, ಮತ್ತೆ ಮುಗ್ಗಾ,
ಒಂದು ಅವಳಿ ಹೆರಿಗೆ, ಎರಡು ಸುಳ್ಳು ನೋವು.
ನಿನ್ನೆ ಅದೇ ಏರು, ಅದೇ ಕೆಂಪು ದೀಪ.
ಪಾದ ಎತ್ತುತ್ತ ಹೋದೆ, ಹಲ್ಲು ಕಚ್ಚಿ ಕಾಯುತ್ತ.
ಅದು ಕಚ್ಚಲಿಲ್ಲ.
ಹಿಡಿಯಿತು,
ಆಗಷ್ಟೇ ಹುಟ್ಟಿದ್ದು ಬೆರಳು ಹಿಡಿಯುವ ಹಾಗೆ.

ದುಯಿಲಿಯೊನನ್ನು ಬಯ್ಯಲು ಹೋಗಲಿಲ್ಲ.
ಸವೆದದ್ದು ಒಳಗಿನ ತಟ್ಟೆಯೋ, ನನ್ನ ಮಂಡಿಯೋ,
ಅದನ್ನೂ ಕೇಳಲಿಲ್ಲ.

ತಂಗಿ ಭಾನುವಾರಕ್ಕೆ ಕಾರು ಕೇಳಿದಳು.
ಬ್ರೇಕು ಸರಿಯಿಲ್ಲ ಅಂದೆ.