ಉಬ್ಬರದ ಗೆರೆ

ಮಂಗಳವಾರ ಬಂದ ಕಡತಕ್ಕೆ ಕೆಂಪು ಲಾಡಿ,
ಒಳಗೆ ನೂರ ನಲವತ್ತು ಪುಟ ಸಮುದ್ರ.
ಧಾರವಾಡದ ಕೋರ್ಟಿನ ಭಾಷಾಂತರ ವಿಭಾಗ,
ಮೂರನೇ ಕಿಟಕಿಯ ಮೇಜು ನನ್ನದು.
ಹೊರಗೆ ಹೆದ್ದಾರಿ. ಲಾರಿ ಹಾದಾಗೆಲ್ಲ
ಲೋಟದ ನೀರು ಸಣ್ಣಗೆ ಅಂಚಿಗೆ ಬಂದು ಹಿಂದೆ ಸರಿಯುತ್ತದೆ.
ನನಗೆ ದಿನವೂ ಕಾಣುವ ಉಬ್ಬರ ಅಷ್ಟೇ.

ಸಮುದ್ರ ಕಂಡದ್ದು ಎರಡು ಸಲ:
ಶಾಲೆಯ ಟ್ರಿಪ್ಪಿನಲ್ಲಿ, ಘಟ್ಟವಿಡೀ ವಾಂತಿ ಮಾಡಿಕೊಂಡು;
ಮದುವೆಯಾದ ವರ್ಷ, ಚಪ್ಪಲಿ ಕೈಯಲ್ಲಿ ಹಿಡಿದು,
ವಾಪಸು ಬಸ್ಸಿನ ವೇಳೆ ನೋಡುತ್ತ.

ಅರ್ಜಿದಾರಳು ನೀಲಾವತಿ ಹರಿಕಂತ್ರ,
ವಯಸ್ಸು ಐವತ್ತೆಂಟು, ಉದ್ಯೋಗ ಒಣಮೀನು.
ಎದುರುದಾರರು ಸರಕಾರ, ಮತ್ತಿಬ್ಬರು.
"ಕಲ್ಲಿನ ಗೋಡೆ ಹಾಕದ್ರು. ಮೂರು ಮಳೆಗಾಲ ನಿಂತಿತ್ತು.
ಗೋಡೆ ಎಲ್ಲಿ ಮುಗೀತದೋ ಅಲ್ಲಿಂದ
ಸಮುದ್ರ ನಮ್ಮನೆ ಬದಿಗೆ ತಿರುಗ್ತು.
ಕಾಂಡ್ಲ ಇದ್ದ ಕೋಡೀಲಿ ಮಾತ್ರ
ಒಂದು ಬುಟ್ಟಿ ಮಣ್ಣೂ ಹೋಗಲಿಲ್ಲ.
ಈಗ ಅದನ್ನೇ ಕಡೀತ್ರಂತೆ.
ಕಾಗದದಲ್ಲಿ ಗೆರೆ ಹತ್ರ ಬಂದದೆಯಂತೆ."

ಬುಟ್ಟಿ ಎಂದರೆ ಎಷ್ಟು ಘನ ಮೀಟರು ಎಂದು
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಕೇಳಿದ್ದಾರೆ.
ಬುಟ್ಟಿಯನ್ನು ಬುಟ್ಟಿಯಾಗಿಯೇ ಇಂಗ್ಲಿಷಿಗೆ ದಾಟಿಸಿದೆ.

ಕಷ್ಟ ಶುರುವಾದದ್ದು ಅನುಬಂಧ ನಾಲ್ಕರಲ್ಲಿ.
ಸರಕಾರದ ಹೊಸ ಕರಡು, ಅವಳೂ ಓದಬೇಕಾದದ್ದು,
ಹಾಗಾಗಿ ಕನ್ನಡಕ್ಕೆ.
ಗೋಡೆಗೆ ಬದಲು ಕಾಂಡ್ಲದ ಸಾಲು,
ಗಜನಿಯ ಕಟ್ಟೆಯ ದುರಸ್ತಿ ಊರವರ ಕೈಗೆ,
ಕಗ್ಗ ಭತ್ತ ಬಿತ್ತಿದವರಿಗೆ ನೆರವು,
ಹೊಳೆಯ ಮರಳನ್ನು ಹೊಳೆಗೇ ಬಿಡುವುದು,
ಯಾಕೆಂದರೆ ದಡ ಕಟ್ಟುವುದು ಆ ಮರಳು.
ಓದಿ ಆಶ್ಚರ್ಯವಾಯಿತು. ಇದನ್ನು ಬರೆದವರು
ಒಮ್ಮೆಯಾದರೂ ಕೆಸರಲ್ಲಿ ಕಾಲಿಟ್ಟಿದ್ದಾರೆ.
ಆದರೆ ರೆಸಿಲಿಯನ್ಸ್ ಎಂಬ ಒಂದೇ ಪದ
ಹತ್ತೊಂಬತ್ತು ಸಲ.

ನಿಘಂಟು ಕೊಟ್ಟದ್ದು: ಸ್ಥಿತಿಸ್ಥಾಪಕತ್ವ.
ರಬ್ಬರಿಗೆ ಸರಿ, ಒಂಬತ್ತನೇ ಇಯತ್ತೆಗೆ ಸರಿ,
ನೀಲಾವತಿಯ ಗಂಟಲಿಗೆ ಮುಳ್ಳು.

ಟೈಪಿಂಗ್ ಮಾಡುವ ನದಾಫ ಕೈ ನಿಲ್ಲಿಸಿ ಕೇಳಿದ:
"ನಮ್ಮ ಅಣ್ಣಿಗೇರಿ ಎರಿ ಹೊಲ ಬ್ಯಾಸಗ್ಯಾಗ
ಕಾಲ ಸಿಗುವಂಗ ಬಿರೀತೈತ್ರೀ.
ಮಳಿ ಹತ್ತಿದರ ತಾನ ಕೂಡ್ಕೋತೈತಿ,
ಯಾರೂ ಹೊಲಿಯೂದಿಲ್ಲ. ಅದಕ್ಕೇನಂತಾರ?"
"ನೀವೇನಂತೀರಿ?"
"ಏನೂ ಅನ್ನೂದಿಲ್ರೀ, ಬಿತ್ತಾಕ ಹೋಗ್ತೀವಿ."

ಮಧ್ಯಾಹ್ನ ನಕ್ಷೆ ಬಿಡಿಸಿದೆ.
ಅಳಿವೆಯ ಬಾಯಿ, ಹೊಳೆಯ ಹೆಸರು ಗಂಗಾವಳಿ.
ಬೆರಳನ್ನು ಹಿಂದಕ್ಕೆ ನಡೆಸಿದೆ, ಘಟ್ಟ ಹತ್ತಿಸಿದೆ.
ಹೆಸರು ಬದಲಾಯಿತು, ಬೇಡ್ತಿ.
ಕಾಗದ ಮುಗಿಯಿತು, ಬೆರಳು ನಿಲ್ಲಲಿಲ್ಲ.
ಮೇಜಿನ ಮೇಲೆ ಕಲಘಟಗಿ, ಸ್ಟೇಪ್ಲರಿನ ಹತ್ತಿರ ಹುಬ್ಬಳ್ಳಿ,
ಲೋಟದ ಪಕ್ಕ ಸೋಮೇಶ್ವರ ಗುಡಿ, ಶಾಲ್ಮಲೆ ಹುಟ್ಟುವ ಜಾಗ,
ನನ್ನ ಮನೆಯಿಂದ ಸೈಕಲ್ಲಿನ ದಾರಿ.
ಉಣಕಲ್ಲಿನ ನಾಲೆ, ತಂಗಿಯ ಮನೆಯ ಬಚ್ಚಲು,
ಸೇತುವೆಯಿಂದ ನಾವು ಒಗೆದ ಗಣಪತಿ ಹೂವಿನ ಚೀಲ,
ಎಲ್ಲ ಅತ್ತ ಕಡೆಗೇ ಹೊರಟದ್ದು.

ಎದುರುದಾರರು ಸರಕಾರ, ಮತ್ತಿಬ್ಬರು.
ಮತ್ತಿಬ್ಬರ ಹೆಸರು ನೋಡಲು ಪುಟ ತಿರುವುವಾಗ
ಒಂದು ಗಳಿಗೆ ಕೈ ತಡೆಯಿತು.

ಕೊನೆಗೆ ಬರೆದೆ: "ಮುರಿದೂ ಕೂಡುವ ಬಲ."
ಹುದ್ದಾರ ಸಾಹೇಬರು ಮೊದಲನೆಯದಕ್ಕೆ ಕೆಂಪು ಸುತ್ತು ಹಾಕಿ
"ಪಾರಿಭಾಷಿಕವಲ್ಲ" ಎಂದರು.
ಅಷ್ಟರಲ್ಲಿ ಚಹಾ ಬಂತು.
ಉಳಿದ ಹದಿನೆಂಟು ಹಾಗೆಯೇ ದಾಟಿಹೋದವು.

ಶುಕ್ರವಾರ ಒಂದು ಹಾಳೆ ಬಂತು, ಮಧ್ಯಂತರ ಆದೇಶ.
ಮುಂದಿನ ತಾರೀಖಿನವರೆಗೆ ಕಾಂಡ್ಲಕ್ಕೆ ಯಾರೂ ಕೈ ಹಚ್ಚಕೂಡದು.
ನಿಘಂಟು ಬೇಕಾಗಲಿಲ್ಲ,
ಎರಡು ನಿಮಿಷದಲ್ಲಿ ಕನ್ನಡವಾಯಿತು.
ಮುಂದಿನ ತಾರೀಖು: ಮಳೆಗಾಲ ಮುಗಿದ ಮೇಲೆ.