ಗಲ್ಲ ಉಬ್ಬಿಸ್ರಿ

ಬಾಯಾಗ ಗಾಳಿ ತುಂಬ್ರಿ ಹುಸೇನಪ್ಪ,
ಎಡಗಲ್ಲ ಉಬ್ಬಿಸ್ರಿ. ಹಾಂ, ಹಂಗೇ ಹಿಡೀರಿ.
ಇಲ್ಲಂದ್ರ ಕತ್ತಿ ಕುಣಿಯಾಗ ಇಳಿತೈತಿ,
ನಾಕು ಕೂದಲ ಅಲ್ಲೇ ಅಡಗಿ ಕುಂದರತಾವ.

ಮೊದಲ ಹಿಂಗ ಹೇಳೂದೇ ಬೇಕಿರಲಿಲ್ಲ.
ಹಟ್ಟಿ ಕ್ಯಾಂಪಿನ ಬಸ್‌ಸ್ಟ್ಯಾಂಡ್ ಎದುರಿಗೆ
ನಮ್ಮಪ್ಪ ಈ ಕುರ್ಚಿ ನನ್ನ ಕೈಗೆ ಕೊಟ್ಟ ವರ್ಷ
ಮೊದಲ ಪಾಳಿ ಮುಗಿಸಿ ಬಂದು ಕುಂತಾವ ಇವ.
ಕಿವಿಯಾಗ ಬಿಳಿಕಲ್ಲಿನ ಹುಡಿ,
ಗಲ್ಲ ಮಾತ್ರ ಹಂಚಿನ ಮ್ಯಾಲೆ ಉಬ್ಬಿದ ಜ್ವಾಳದ ರೊಟ್ಟಿ.
ಕಿವಿಯಿಂದ ಗದ್ದಕ್ಕ
ಒಂದೇ ಉಸಿರಿಗೆ ಜಾರತಿತ್ತು ಕತ್ತಿ.

ಮುಖ ಒಮ್ಮಿಗೇ ಮುದಿ ಆಗೂದಿಲ್ಲ. ನನ್ನ ಬೆರಳಿಗೆ ಗೊತ್ತೈತಿ.
ಮಗಳ ಮದುವಿ ವರ್ಷ ಕಣತಲಿ ತಗ್ಗಾತು,
ಹೆಬ್ಬಟ್ಟು ಇಟ್ರ ಕುಂದರೂವಷ್ಟು.
ಮೂಗಿನ ಮಗ್ಗಲಿಂದ ಬಾಯಿತನಕ ಒಂದು ಗೆರಿ,
ಮೊದಲ ನಕ್ಕಾಗಷ್ಟೇ,
ಆಮ್ಯಾಲೆ ಸುಮ್ಮನಿದ್ದಾಗೂ.
ಲಿಂಗಸುಗೂರಾಗ ಎರಡು ದವಡಿಹಲ್ಲು ಕೀಳಿಸಿಕೊಂಡು ಬಂದ,
ಅವತ್ತಿಂದ ಎಡಗಲ್ಲ ಒಳಕ್ಕ ನಡದೇ ಬಿಟ್ಟಿತು.
ಕಣ್ಣ ಬುಡದಾಗಿನ ಮೆತ್ತನೆಯದು ಇಳದು ಇಳದು
ಗದ್ದದ ಅಂಚಿಗೆ ಬಂದು ನಿಂತಿತು,
ಪಾಳಿ ಬಿಟ್ಟ ಮಂದಿ ಗೇಟಿನಾಗ ಒಟ್ಟಾದಂಗ.

ನಾನಂದೆ: ಚರ್ಮ ಸಡ್ಲ ಆಗೈತಿ, ಎಣ್ಣಿ ತಿಕ್ಕಲೇನು?
ಅವ ನಕ್ಕ. ನಗು ಅರ್ಧ ಗಲ್ಲಕ್ಕೇ ಮಡಚಿಕೊಂತು.
"ಚರ್ಮದ್ದೇನು ತಪ್ಪೋ ಅಂಬಣ್ಣ?
ಕಂಬ ಬಿಟ್ಟು ಅದಿರು ತಗೀಬೇಕು.
ಕಂಬಾನೂ ತಗದ್ರ ಮ್ಯಾಲಿನ ನೆಲ ಏನು ಮಾಡೀತು?
ಮ್ಯಾಲಿದ್ದವ್ರು ಗ್ವಾಡಿ ಬಿರೀತು ಅಂತ ಸುಣ್ಣ ಬಳೀತಾರ.
ಇಪ್ಪತ್ತೆಂಟು ವರ್ಷ ಕೆಳಗಿದ್ದಾವ ನಾ.
ಬಿರುಕು ಹುಟ್ಟೂದು ಸುಣ್ಣದಾಗಲ್ಲ."

ಅವನ ಸೊಸಿ ಬಳ್ಳಾರಿಯಾಗ ಪಾರ್ಲರ್ ಕೆಲಸ ಕಲತಾಕಿ.
ಫೋನಿನಾಗ ತೋರಿಸಿದಳಂತ,
ಕೂದಲಷ್ಟು ಸಣ್ಣ ಸೂಜಿ,
ಗಲ್ಲದೊಳಗ ಏನೋ ತುಂಬತಾರ,
ಹತ್ತು ವರ್ಷ ಹಿಂದಕ್ಕ ಹೋಗತೈತಂತ ಮುಖ.
"ನಾವೂ ತುಂಬೀವಲ್ಲ," ಅಂದ, "ಅದಿರು ತಗದಲ್ಲೆಲ್ಲ ಮರಳು.
ನೆಲ ನಿಂತೈತಿ, ಸುಳ್ಳಲ್ಲ.
ಆದ್ರ ಆ ಮರಳಿನ ಮ್ಯಾಲೆ ಕೈ ಇಟ್ರ..."
ಸೈರನ್ ಕೂಗಿತು. ಮಾತು ಅಲ್ಲೇ ಉಳೀತು.
ನಾನೂ ಮತ್ತ ಕೇಳಲಿಲ್ಲ.

ಯಾಕಂದ್ರ ನನಗೊಂದು ಗುಟ್ಟು ಗೊತ್ತು.
ಬಾಯಾಗ ಗಾಳಿ ಹಿಡದ ಆ ಗಳಿಗಿ
ಕನ್ನಡಿಯೊಳಗ ಎಡಕ್ಕ ಮೊದಲ ಪಾಳಿಯ ಹುಡುಗ,
ಬಲಕ್ಕ ಪಿಂಚಣಿ ಮುದುಕ,
ನಡುವ ಇಬ್ಬರಿಗೂ ಸೇರಿ ಒಂದೇ ಮೂಗು.
ನಾ ಕತ್ತಿ ನಿಧಾನ ಮಾಡತೀನಿ,
ಕೂದಲ ಇಲ್ಲದಲ್ಲೂ ಎರಡು ಸಲ ಎಳೀತೀನಿ.
ಅವಗೂ ಗೊತ್ತೈತಿ ಅನಸತೈತಿ,
ಕಣ್ಣಾಗ ನೀರು ಬರೂತನಕ ಉಸಿರು ಬಿಡೂದಿಲ್ಲ.

ಧೂಳು ಕುಡದ ಎದಿ, ಎಷ್ಟೊತ್ತು ಹಿಡದೀತು?
ಪುಸ್ಸ್!
ಸೋಪಿನ ನೊರಿ ನನ್ನ ಮಾರಿಗೆಲ್ಲ.
ಇಬ್ಬರೂ ನಕ್ಕಿವಿ.
ಕನ್ನಡಿಯಾಗ ಮತ್ತೊಂದು ಗಲ್ಲ ಮಡಚಿಕೊಂತು,
ಅದು ಅವನದಲ್ಲ.

ಇರ್ಲಿ. ಒರಸಿಕೊಳ್ರಿ.
ಈಗ ಬಲಗಡಿ.